ಯುವಕ ಸಂಘಗಳ ಚಂದಾ ಮತ್ತು ದೇಣಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಉತ್ತರ ಕನ್ನಡ ಜಿಲ್ಲೆ. ಘಟ್ಟದ ಕೆಳಗೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ. ಎಲ್ಲಿಗೆ ಹೋದರೂ ಒಂದು ಯುವಕ ಸಂಘದ ಬೋರ್ಡು ಕಣ್ಣಿಗೆ ಬೀಳುತ್ತದೆ. ಗಣಪತಿ ಕೂರಿಸುವುದು ಅವರೇ, ಆಟ (ಯಕ್ಷಗಾನ) ಆಡಿಸುವುದು ಅವರೇ, ಮಳೆಗಾಲದಲ್ಲಿ ಗುಡ್ಡ ಕುಸಿದರೆ ಗುದ್ದಲಿ ಹಿಡಿದು ಓಡುವುದೂ ಅವರೇ. ಎಲ್ಲದಕ್ಕೂ ದುಡ್ಡು ಬೇಕು. ಊರಿನ ಸಂಘವೊಂದರ ಲೆಕ್ಕ ಬರೆಯುವ ನನ್ನನ್ನು ಹುಡುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚಂದಾ ಕೊಟ್ಟವರು ಯಾವ ಕೆಲಸಕ್ಕೆ ಕೊಟ್ಟರೋ ಆ ಕೆಲಸ ಆಗುವ ತನಕ ದುಡ್ಡು ಅವರದ್ದೇ. ನಮ್ಮ ಕೈಯಲ್ಲಿ ಇರುತ್ತದೆ, ಅಷ್ಟೆ. ಕೆಳಗಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಈ ಮಾತಿನಿಂದಲೇ ಹುಟ್ಟಿದವು.

ನಮ್ಮ ಸಂಘ ನೋಂದಣಿ ಆಗಿಲ್ಲ. ಚಂದಾ ಎತ್ತಬಹುದಾ?

ಊರೊಳಗೆ, ಗುರುತಿನವರ ಹತ್ತಿರ, ಗಣಪತಿಗೋ ಆಟಕ್ಕೋ ವಂತಿಗೆ ಕೇಳುವುದಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ. ತಲೆತಲಾಂತರದಿಂದ ನಡೆದು ಬಂದದ್ದು ಅದು. ಆದರೆ ಊರು ಬಿಟ್ಟು ಆಚೆ ಕೈಚಾಚಿದ ಕೂಡಲೇ ಜನ ಕಾಗದ ಕೇಳುತ್ತಾರೆ. ಕಂಪನಿಯಾಗಲಿ, ಸರ್ಕಾರಿ ಇಲಾಖೆಯಾಗಲಿ ನೋಂದಣಿ ಇಲ್ಲದ ಸಂಘಕ್ಕೆ ಒಂದು ರೂಪಾಯಿ ಕೊಡುವುದೂ ಕಷ್ಟ. ಪ್ರತಿ ವರ್ಷ ಲಕ್ಷದ ಆಸುಪಾಸು ದುಡ್ಡು ಓಡಾಡುವ ಸಂಘವಾಗಿದ್ದರೆ ನೋಂದಣಿ ಮಾಡಿಸಿಕೊಳ್ಳಿ ಎಂದೇ ನನ್ನ ಸಲಹೆ.

ನೋಂದಣಿಗೆ ಏನೇನು ಬೇಕು? ಪಿಯುಸಿ ಹುಡುಗರು ಸದಸ್ಯರಾಗಬಹುದಾ?

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದ್ದು. ಕನಿಷ್ಠ 7 ಜನ ಬೇಕು, ಎಲ್ಲರಿಗೂ 18 ತುಂಬಿರಬೇಕು. ಸಂಘದ ಉದ್ದೇಶ ಮತ್ತು ನಿಯಮಗಳನ್ನು ಬರೆದ ಬೈಲಾ ಬೇಕು. ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಕೆಲಸ. ಬೈಲಾ ಬರೆಯುವಾಗ ಬೇರೆ ಯಾವುದೋ ಸಂಘದ್ದನ್ನು ಜೆರಾಕ್ಸ್ ಮಾಡಿ ಹೆಸರು ಬದಲಿಸುವ ಚಾಳಿ ನಮ್ಮಲ್ಲಿ ಜಾಸ್ತಿ. ಹಾಗೆ ಮಾಡಬೇಡಿ. ‘ಕಷ್ಟದಲ್ಲಿರುವವರಿಗೆ ನೆರವು’, ‘ಶಿಕ್ಷಣಕ್ಕೆ ಸಹಾಯ’ ಎಂಬ ಸಾಲುಗಳು ಉದ್ದೇಶದಲ್ಲಿ ಇಲ್ಲದಿದ್ದರೆ ನಾಳೆ ಯಾರಿಗಾದರೂ ದೇಣಿಗೆ ಕೊಡುವಾಗ ಲೆಕ್ಕ ತಪಾಸಣೆಯವರು ಅಲ್ಲೇ ಬೆರಳಿಡುತ್ತಾರೆ.

18 ತುಂಬದವರು ಕೆಲಸಕ್ಕೆ ಬರಲಿ, ಸಹಿಗೆ ಬೇಡ. ಮನೆಮನೆಗೆ ಕಳಿಸುವುದಾದರೆ ದೊಡ್ಡವರೊಬ್ಬರು ಜೊತೆಗಿರಬೇಕು. ತಂದೆತಾಯಿಗೆ ಗೊತ್ತಿರಬೇಕು. ಕತ್ತಲಾದ ಮೇಲೆ ಮಕ್ಕಳ ಕೈಯಲ್ಲಿ ದುಡ್ಡಿನ ಡಬ್ಬಿ ಕೊಟ್ಟು ಕಳಿಸುವುದು ಬೇಡವೇ ಬೇಡ.

ನೋಂದಣಿ ಆದ ಮೇಲೆ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿ ಗೋಡೆಗೆ ನೇತು ಹಾಕಿದರೆ ಮುಗಿಯುವುದಿಲ್ಲ. ಪ್ರತಿ ವರ್ಷ ಸರ್ವಸಾಧಾರಣ ಸಭೆ ಆಗಬೇಕು, ಲೆಕ್ಕ ಆಡಿಟ್ ಆಗಬೇಕು, ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕ ನೋಂದಣಾಧಿಕಾರಿಗಳಿಗೆ ಹೋಗಬೇಕು. ಐದಾರು ವರ್ಷ ಬಿಟ್ಟು ಒಟ್ಟಿಗೆ ದಂಡ ಕಟ್ಟುವ ಸಂಘಗಳೇ ಹೆಚ್ಚು.

ಅಧ್ಯಕ್ಷರ ಫೋನ್‌ಪೇಗೆ ದುಡ್ಡು ಹಾಕಿಸಿಕೊಂಡರೆ ಏನಾಗುತ್ತದೆ?

ಒಳ್ಳೆಯ ಅಧ್ಯಕ್ಷರಿಗೇ ತೊಂದರೆ ಆಗುತ್ತದೆ. ಅವರ ಸ್ವಂತ ಖಾತೆಗೆ ಬಂದ ದುಡ್ಡು ಅವರ ಆದಾಯದ ಹಾಗೆ ಕಾಣುತ್ತದೆ. ಅದರಲ್ಲೇ ಹಾಲಿನ ಬಿಲ್ಲು, ಬೈಕಿನ ಪೆಟ್ರೋಲು, ಅದರಲ್ಲೇ ಗಣಪತಿ ಚಂದಾ. ಆರು ತಿಂಗಳಾದ ಮೇಲೆ ಬಿಡಿಸಿ ಹೇಳು ಎಂದರೆ ಹರಿಶ್ಚಂದ್ರನಿಗೂ ಆಗದು. ಸಂಘದ ಹೆಸರಿನಲ್ಲೇ ಖಾತೆ ತೆರೆಯಿರಿ. ಸಂಘಕ್ಕೆ ಬೇರೆ ಪ್ಯಾನ್ ಮಾಡಿಸಿ. ಇಬ್ಬರ ಸಹಿ ಇಲ್ಲದೆ ದುಡ್ಡು ಹೊರಗೆ ಹೋಗದಂತೆ ಬ್ಯಾಂಕಿಗೆ ಬರೆದುಕೊಡಿ. ಕ್ಯೂಆರ್ ಕೋಡ್ ಅದೇ ಖಾತೆಯದ್ದಾಗಿರಲಿ. ನೋಂದಣಿ ಆಗದ ಸಂಘಕ್ಕೂ ಸಭೆಯ ಠರಾವು (ನಿರ್ಣಯ) ತೋರಿಸಿ ಖಾತೆ ತೆರೆಯಲು ದಾರಿ ಇದೆ, ಮ್ಯಾನೇಜರ್ ಮನಸ್ಸು ಮಾಡಬೇಕು.

ಇನ್ನೊಂದು ವಿಷಯ. ಒಬ್ಬರಿಂದ ಒಂದೇ ದಿನ, ಅಥವಾ ಒಂದೇ ಕಾರ್ಯಕ್ರಮಕ್ಕೆ, 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ನಮ್ಮಂಥ ಸಂಘಕ್ಕೆ ಯಾರಪ್ಪ ಅಷ್ಟು ಕೊಡುತ್ತಾರೆ ಎನ್ನಬೇಡಿ. ಗುಡಿ ಕಟ್ಟುವಾಗ, ರಂಗಮಂದಿರ ಕಟ್ಟುವಾಗ ಕೊಡುವವರು ಇದ್ದಾರೆ.

ರಸೀದಿ ಎಲ್ಲರಿಗೂ ಕೊಡಬೇಕಾ? ಹತ್ತು ರೂಪಾಯಿ ಕೊಟ್ಟವರಿಗೂ?

ಕೊಡಿ. ರಸೀದಿ ಪುಸ್ತಕಕ್ಕೆ ನಂಬರ್ ಇರಲಿ, ಕಾರ್ಬನ್ ಪ್ರತಿ ಇರಲಿ. ಯಾವ ಪುಸ್ತಕ ಯಾರ ಕೈಗೆ ಹೋಯಿತು ಎಂದು ಒಂದು ನೋಟ್‌ಬುಕ್‌ನಲ್ಲಿ ಸಹಿ ಹಾಕಿಸಿಕೊಳ್ಳಿ. ವಾಪಸ್ ಬಂದಾಗ ಹಾಳೆ ಎಣಿಸಿ. ಬರೆಯುವಾಗ ತಪ್ಪಾದ ರಸೀದಿಯನ್ನು ಹರಿದು ಬಿಸಾಡಬಾರದು. ಎರಡೂ ಪ್ರತಿ ಪುಸ್ತಕದಲ್ಲೇ ಇಟ್ಟು ಅಡ್ಡಗೆರೆ ಹಾಕಿ ‘ರದ್ದು’ ಎಂದು ಬರೆಯಬೇಕು. 50 ಹಾಳೆಯ ಪುಸ್ತಕದಲ್ಲಿ 47 ಹಾಳೆ ಇದ್ದರೆ ಆ ಮೂರು ಹಾಳೆಯ ಕತೆಯನ್ನು ಊರೇ ಕಟ್ಟುತ್ತದೆ, ನೀವು ಕಟ್ಟಬೇಕಾಗಿಲ್ಲ.

ಡಬ್ಬಿ ಇಟ್ಟರೆ ಬೀಗ ಹಾಕಿ. ಬೀಗದ ಕೈ ಒಬ್ಬರ ಹತ್ತಿರ, ಡಬ್ಬಿ ಇನ್ನೊಬ್ಬರ ಹತ್ತಿರ. ತೆರೆಯುವಾಗ ಮೂವರು ಇರಲಿ. ಎಣಿಸಿದ ಮೊತ್ತವನ್ನು ಅಲ್ಲೇ ಬರೆದು ಮೂವರೂ ಸಹಿ ಹಾಕಲಿ.

ಚಂದಾ ಕೇಳಲು ಒಳ್ಳೆಯ ಸಮಯ ಯಾವುದು?

ಇದಕ್ಕೆ ಕಾನೂನಿಲ್ಲ, ಬುದ್ಧಿ ಬೇಕು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ದೋಣಿಗಳಿಗೆ ಕಡಲಿಗೆ ಇಳಿಯಲು ನಿಷೇಧ. ಆ ಎರಡು ತಿಂಗಳು ಮೀನುಗಾರರ ಕೇರಿಗೆ ರಸೀದಿ ಪುಸ್ತಕ ಹಿಡಿದುಕೊಂಡು ಹೋಗುವುದು ಅನ್ಯಾಯ. ದೋಣಿ ಇಳಿದು ನಾಲ್ಕು ವಾರ ಆಗಲಿ. ಘಟ್ಟದ ಮೇಲೆ ಅಡಿಕೆಯವರ ಕೈಯಲ್ಲಿ ದುಡ್ಡು ಓಡಾಡುವುದು ಕೊಯ್ಲು ಮುಗಿದು ಅಡಿಕೆ ಮಾರಿದ ಮೇಲೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸುವ ಖರ್ಚಿನಲ್ಲಿ ಇರುವವರ ಮನೆಗೆ ಹೋದರೆ ಕಷಾಯ ಸಿಗುತ್ತದೆ, ದುಡ್ಡು ಸಿಗುವುದಿಲ್ಲ.

ಎಷ್ಟು ಕೊಡಬೇಕು ಎಂದು ನೀವೇ ಬರೆದುಕೊಂಡು ಹೋಗಬೇಡಿ. ಕುಮಟಾ ಪೇಟೆಯ ಅಂಗಡಿಯವರೊಬ್ಬರು ನಮ್ಮ ಹುಡುಗರಿಗೆ ಕೇಳಿದ್ದು ಇಷ್ಟೇ: “ತಮ್ಮಾ, ಕೊಡ್ತೆ. ಹೋದ ವರ್ಷದ್ದು ಲೆಕ್ಕ ಎಲ್ಲಿ?” ಹುಡುಗರ ಬ್ಯಾಗಿನಲ್ಲಿ ಲೆಕ್ಕದ ಹಾಳೆ ಇತ್ತು. ತೋರಿಸಿದರು, ಕೇಳಿದ್ದಕ್ಕಿಂತ ಹೆಚ್ಚೇ ಬಂತು.

ಹೆದ್ದಾರಿಯಲ್ಲಿ ಹಗ್ಗ ಕಟ್ಟಿ ವಾಹನ ನಿಲ್ಲಿಸುವುದು?

ಬೇಡ. ವಾಹನ ಅಡ್ಡಗಟ್ಟುವುದು ಅಪರಾಧ, ಹೆದರಿಸಿ ಕಿತ್ತುಕೊಂಡರೆ ಸುಲಿಗೆ ಕೇಸು. 66ರ ಹೆದ್ದಾರಿಯಲ್ಲಿ ಟ್ಯಾಂಕರ್‌ಗಳು ಬರುವ ವೇಗ ನೋಡಿದವರು ಯಾರೂ ಇದನ್ನು ಎರಡನೇ ಸಲ ಕೇಳುವುದಿಲ್ಲ.

ಫಲಾವಳಿ ಸವಾಲಿನ (ಹರಾಜಿನ) ದುಡ್ಡನ್ನು ಹೇಗೆ ಲೆಕ್ಕಕ್ಕೆ ತರುವುದು?

ನಮ್ಮ ಕಡೆಯ ದೊಡ್ಡ ಆದಾಯ ಇದೇ ಅಲ್ವಾ. ಗಣಪತಿಯ ಮೇಲೆ ಕಟ್ಟಿದ ಫಲಾವಳಿಯ ತೆಂಗಿನಕಾಯಿ, ಅನಾನಸ್, ಸೌತೆಕಾಯಿ, ಹಾಗಲಕಾಯಿ, ಅಡಿಕೆ ಸಿಂಗಾರ ಎಲ್ಲವೂ ವಿಸರ್ಜನೆಯ ದಿನ ಸವಾಲಿಗೆ ಬರುತ್ತವೆ. ಪೇಟೆಯಲ್ಲಿ ಮೂವತ್ತು ರೂಪಾಯಿಯ ಕಾಯಿ ಇಲ್ಲಿ ಸಾವಿರ ದಾಟುತ್ತದೆ. ಮೈಕಿನವನು “ಒಂದು ಸಲ... ಎರಡು ಸಲ...” ಎಂದು ಎಳೆಯುತ್ತಿದ್ದ ಹಾಗೆ ಮುಂಬೈನಿಂದ ಬಂದ ಮಗ ಒಂದು ಕಡೆ, ಗೋವಾದಲ್ಲಿ ಕೆಲಸದಲ್ಲಿರುವ ಅಳಿಯ ಇನ್ನೊಂದು ಕಡೆ ಏರಿಸುತ್ತಲೇ ಇರುತ್ತಾರೆ. ಅದು ಭಕ್ತಿಯೂ ಹೌದು, ಪ್ರತಿಷ್ಠೆಯೂ ಹೌದು.

ತೊಂದರೆ ಮಾರನೇ ದಿನ ಶುರು. ಸವಾಲು ಕೂಗಿದವರಲ್ಲಿ ಅರ್ಧ ಜನ ದುಡ್ಡು ಕೊಟ್ಟಿರುವುದಿಲ್ಲ. ಹಣ್ಣು ತಿಂದೂ ಆಗಿರುತ್ತದೆ. ಹಾಗಾಗಿ ಸವಾಲು ನಡೆಯುವಾಗ ಮೈಕಿನ ಪಕ್ಕದಲ್ಲೇ ಒಬ್ಬರು ಪುಸ್ತಕ ಹಿಡಿದು ಕೂರಬೇಕು. ವಸ್ತು, ಹೆಸರು, ಮೊತ್ತ, ಕೊಟ್ಟದ್ದು, ಬಾಕಿ ಎಂದು ಐದು ಕಾಲಂ ಹಾಕಿಕೊಳ್ಳಬೇಕು. ಬಾಕಿ ಕೊಡಲು ಕೊನೆಯ ದಿನ ಯಾವುದು ಎಂದು ಸವಾಲಿಗೆ ಮುಂಚೆಯೇ ಮೈಕಿನಲ್ಲಿ ಹೇಳಬೇಕು. ಮುಖ್ಯವಾಗಿ, ಬಾಕಿ ಇರುವುದನ್ನು ಆದಾಯ ಎಂದು ಹಿಡಿದು ಖರ್ಚು ಮಾಡಬಾರದು. ‘ಸವಾಲಿನಲ್ಲಿ ಎಂಬತ್ತು ಸಾವಿರ ಆಯಿತು’ ಎಂದು ಹೇಳಿ ಪೆಂಡಾಲಿನವರಿಗೆ ಮಾತು ಕೊಟ್ಟು, ಕೈಗೆ ಐವತ್ತು ಬಂದರೆ ಉಳಿದದ್ದನ್ನು ಯಾರ ಜೇಬಿನಿಂದ ತುಂಬುತ್ತೀರಿ?

ಬಾಕಿ ಉಳಿಸಿಕೊಂಡವರ ಹೆಸರನ್ನು ಮುಂದಿನ ವರ್ಷ ಮೈಕಿನಲ್ಲಿ ಓದಬೇಕು ಎನ್ನುವವರು ಪ್ರತಿ ಸಂಘದಲ್ಲೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮನೆಗೆ ಹೋಗಿ ಕೇಳಿ. ಕೊಡಲು ನಿಜಕ್ಕೂ ಆಗದವರಿದ್ದರೆ ಸಭೆಯಲ್ಲಿ ಬಿಟ್ಟುಬಿಡಿ, ಬಿಟ್ಟಿದ್ದನ್ನು ಬರೆದಿಡಿ.

ಲಕ್ಕಿ ಡ್ರಾ ಕೂಪನ್ ಮಾರಬಹುದಾ? ಎಲ್ಲರೂ ಮಾಡುತ್ತಾರೆ.

ಎಲ್ಲರೂ ಮಾಡುತ್ತಾರೆ, ಸರಿ. ದುಡ್ಡು ಕೊಟ್ಟು ಚೀಟಿ ತೆಗೆದುಕೊಂಡು ಅದೃಷ್ಟದ ಮೇಲೆ ಬಹುಮಾನ ಪಡೆಯುವುದು ಕಾನೂನಿನ ಕಣ್ಣಿನಲ್ಲಿ ಲಾಟರಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ. ‘ಸಹಾಯಾರ್ಥ’ ಎಂದು ಮೇಲೆ ಅಚ್ಚು ಹಾಕಿಸಿದರೆ ಅದು ಬದಲಾಗುವುದಿಲ್ಲ. ಮೊದಲನೇ ಬಹುಮಾನ ಸ್ಕೂಟಿ ಎಂದು ಹಾಕಿ, ಕೂಪನ್ ಸಾಕಷ್ಟು ಹೋಗದೆ, ಡ್ರಾ ಮುಂದೂಡಿ ಮುಂದೂಡಿ ಕೊನೆಗೆ ಸಂಘವೇ ಒಡೆದ ಉದಾಹರಣೆ ನಿಮ್ಮ ತಾಲೂಕಿನಲ್ಲೂ ಇರಬಹುದು. ಜಾತ್ರೆಯ ಮೂಲೆಯಲ್ಲಿ ಅಂದರ್-ಬಾಹರ್ ಪಟ್ಟಕ್ಕೆ ಜಾಗ ಕೊಟ್ಟು ಬಾಡಿಗೆ ತೆಗೆದುಕೊಳ್ಳುವುದು, ಕೋಳಿ ಅಂಕ, ಇವುಗಳ ಬಗ್ಗೆ ಕೇಳಲೇಬೇಡಿ.

ಸಹಾಯಾರ್ಥ ಯಕ್ಷಗಾನ ಇಟ್ಟರೆ ದುಡ್ಡು ಉಳಿಯುತ್ತದಾ?

ಉಳಿದರೆ ಪುಣ್ಯ. ಮೇಳಕ್ಕೆ ಕೊಡುವ ವೀಳ್ಯ, ಅತಿಥಿ ಕಲಾವಿದರದ್ದು ಬೇರೆ, ಮೈಕು, ಲೈಟು, ಕುರ್ಚಿ, ಊಟ, ಪೋಸ್ಟರು. ಟಿಕೆಟ್ ದುಡ್ಡಿನಿಂದ ಇದೆಲ್ಲ ಕಳೆದು ಉಳಿಯುವುದು ಸ್ವಲ್ಪವೇ. ಖರ್ಚನ್ನು ಪ್ರಾಯೋಜಕರಿಂದ ಮೊದಲೇ ಹೊಂದಿಸಿ, ಟಿಕೆಟಿನ ದುಡ್ಡು ಪೂರ್ತಿ ಉದ್ದೇಶಕ್ಕೆ ಹೋಗುವ ಹಾಗೆ ಮಾಡಿದರೆ ಮಾತ್ರ ‘ಸಹಾಯಾರ್ಥ’ ಎಂಬ ಮಾತಿಗೆ ಬೆಲೆ. ಇಲ್ಲದಿದ್ದರೆ ಸುಮ್ನೆ ‘ಆಟ’ ಎಂದೇ ಹಾಕಿ, ಒಳ್ಳೆಯ ಆಟಕ್ಕೆ ಜನ ಬಂದೇ ಬರುತ್ತಾರೆ.

ಒಬ್ಬರಿಗೆ 500 ರೂಪಾಯಿ ಮೀರದ ನಾಟಕ, ನೃತ್ಯ, ಸಂಗೀತದ ಟಿಕೆಟಿಗೆ ಜಿಎಸ್‌ಟಿ ಇಲ್ಲ. ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯ ಅನುಮತಿ ಬೇಕು. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಮೈಕ್ ಹಾಕುವಂತಿಲ್ಲ. ವರ್ಷದ ಕೆಲವೇ ದಿನ ಸರ್ಕಾರ ಮಧ್ಯರಾತ್ರಿ ತನಕ ಸಡಿಲಿಕೆ ಕೊಡಬಹುದು. ರಾತ್ರಿಯಿಡೀ ನಡೆಯದೆ ಬೇಗ ಮುಗಿಯುವ ಕಾಲಮಿತಿ ಆಟಗಳು ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ.

ತಿಂಡಿ ಅಂಗಡಿ ಹಾಕುವುದಾದರೆ ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ವಿಚಾರಿಸಿ. ಗೋಬಿ ಮಂಚೂರಿಗೆ ಕೆಂಪು ಬಣ್ಣ ಹಾಕಬೇಡಿ. ಕೃತಕ ಬಣ್ಣ ಹಾಕಿದ ಗೋಬಿ ಮತ್ತು ಬಾಂಬೆ ಮಿಠಾಯಿಯನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ.

ಶಿರಸಿಯ ಬೇಡರ ವೇಷಕ್ಕೆ, ಹಾಲಕ್ಕಿಗಳ ಸುಗ್ಗಿಗೆ ಮನೆಮನೆಯಲ್ಲಿ ಕೊಡುವ ದುಡ್ಡಿಗೂ ಇದೇ ನಿಯಮವಾ?

ಎರಡೂ ಹೋಳಿ ಹೊತ್ತಿನ ಜನಪದ ಕುಣಿತ. ಮನೆಮನೆಯಲ್ಲಿ ಕೊಡುವುದು ಸಂಪ್ರದಾಯದ ಕಾಣಿಕೆ. ಸುಗ್ಗಿ ತಂಡ ಅಂಗಳಕ್ಕೆ ಬಂದಾಗ ಅಕ್ಕಿ, ಕಾಯಿ, ದುಡ್ಡು ಕೊಡುವವರು ರಸೀದಿ ಕೇಳುವುದಿಲ್ಲ. ಕೇಳಲೂಬಾರದು. ಆದರೆ ಬೇಡರ ವೇಷದ ಸಮಿತಿ ಅಂಗಡಿ ಅಂಗಡಿಗೆ ಹೋಗಿ ಚಂದಾ ಎತ್ತಿದರೆ ಅದಕ್ಕೆ ಮೇಲೆ ಹೇಳಿದ ರಸೀದಿ, ಖಾತೆ ಎಲ್ಲ ಬೇಕು.

ಗಣಪತಿಗೆ ಎತ್ತಿದ ದುಡ್ಡು ಉಳಿದಿದೆ. ಬಡ ಹುಡುಗಿಯ ಕಾಲೇಜು ಫೀಸಿಗೆ ಕೊಡಬಹುದಾ?

ಉದ್ದೇಶ ಒಳ್ಳೆಯದೇ. ಆದರೂ ನಾಲ್ಕು ಜನ ಪದಾಧಿಕಾರಿಗಳು ಕಟ್ಟೆಯ ಮೇಲೆ ಕೂತು ತೀರ್ಮಾನ ಮಾಡುವ ವಿಷಯ ಅಲ್ಲ. ಸಭೆ ಕರೆಯಿರಿ, ಊರ ಹತ್ತು ಸಮಸ್ತರ ಮುಂದೆ ಇಡಿ, ಠರಾವು ಬರೆಯಿರಿ. ಇನ್ನೂ ಒಳ್ಳೆಯದು ಎಂದರೆ ಮುಂದಿನ ಸಲ ರಸೀದಿಯಲ್ಲೇ ಒಂದು ಸಾಲು ಅಚ್ಚು ಹಾಕಿಸುವುದು: ‘ಉಳಿದ ಹಣವನ್ನು ಊರಿನ ಮಕ್ಕಳ ಶಿಕ್ಷಣಕ್ಕೆ ಬಳಸಲಾಗುವುದು’. ಆಗ ಕೊಡುವವರು ತಿಳಿದೇ ಕೊಡುತ್ತಾರೆ.

ತಿರುಗಾಮುರುಗಾ ಮಾತ್ರ ಮಾಡಲೇಬೇಡಿ. ನೆರೆ ಸಂತ್ರಸ್ತರ ಹೆಸರಿನಲ್ಲಿ ಎತ್ತಿದ್ದನ್ನು ಸಂಘದ ಜೆರ್ಸಿಗೆ ಹಾಕಿದರೆ ಅದು ನಂಬಿಕೆ ದ್ರೋಹ, ಮಾತಿನಲ್ಲೂ ಕಾನೂನಿನಲ್ಲೂ.

ಊರಿನವರೊಬ್ಬರು ಆಸ್ಪತ್ರೆಯಲ್ಲಿದ್ದಾರೆ. ವಾಟ್ಸಾಪ್‌ನಲ್ಲಿ ಮನವಿ ಹಾಕಬಹುದಾ?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಬಾರದ ತಿಂಗಳೇ ಇಲ್ಲ. ಕಾಯಿಲೆ ದೊಡ್ಡದಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡಬೇಕು. ಖರ್ಚು ಕೈಮೀರುತ್ತದೆ. ಮನವಿಗೆ ಮುಂಚೆ ಒಂದು ಕೆಲಸ ಮಾಡಿ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು ನೆರವು ಇದೆ. ಆ ಚಿಕಿತ್ಸೆ, ಆ ಆಸ್ಪತ್ರೆ ಅದರಲ್ಲಿ ಬರುತ್ತದೆಯೇ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ. ಎಷ್ಟೋ ಸಲ ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ಮನವಿ ಹಾಕಲೇಬೇಕಾದರೆ ಮನೆಯವರ ಒಪ್ಪಿಗೆ ಬರೆಸಿಕೊಳ್ಳಿ. ಆಸ್ಪತ್ರೆಯ ಅಂದಾಜು ಪಟ್ಟಿ ಕೈಯಲ್ಲಿರಲಿ. ದುಡ್ಡನ್ನು ಆಸ್ಪತ್ರೆಯ ಖಾತೆಗೆ, ರೋಗಿಯ ನಂಬರ್ ಹಾಕಿ, ನೇರ ಕಟ್ಟಿ. ಮೂಗಿಗೆ ನಳಿಗೆ ಹಾಕಿದ ಫೋಟೊ ಬೇಡ, ಅವರೂ ನಾಳೆ ಎದ್ದು ಬಂದು ಪೇಟೆಯಲ್ಲಿ ಓಡಾಡಬೇಕಲ್ಲ. ಮನವಿಯಲ್ಲಿ ತಾರೀಕು ಹಾಕಿ. ಬೇಕಾದಷ್ಟು ಸೇರಿದ ದಿನ ‘ಸಾಕು, ಇನ್ನು ಕಳಿಸಬೇಡಿ’ ಎಂದು ಅದೇ ಗುಂಪುಗಳಲ್ಲಿ ಹಾಕಿ. ಇಲ್ಲದಿದ್ದರೆ ಮನವಿ ಎರಡು ವರ್ಷ ತಿರುಗುತ್ತಲೇ ಇರುತ್ತದೆ. ರೋಗಿ ತೀರಿಕೊಂಡು ದುಡ್ಡು ಉಳಿದರೆ ಏನು ಮಾಡುವುದು ಎಂಬುದನ್ನೂ ಮೊದಲೇ ಬರೆದಿಡಿ. ಕೇಳಲು ಕಠಿಣ ಅನ್ನಿಸುತ್ತದೆ, ಆದರೆ ಆಮೇಲೆ ಮಾತಾಡುವುದು ಇನ್ನೂ ಕಷ್ಟ.

ನೆರೆ ಬಂದಾಗ, ಗುಡ್ಡ ಕುಸಿದಾಗ ಸಂಘ ಏನು ಮಾಡಬೇಕು?

2019ರ ಆಗಸ್ಟ್‌ನ ನೆರೆ, 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯ ಭೂಕುಸಿತ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಬಿದ್ದ ಗುಡ್ಡ, ನಾವೆಲ್ಲ ನೋಡಿದ್ದೇವೆ. ಮೊದಲ ಎರಡು ದಿನ ಬೇಕಾಗುವುದು ಕೈಕಾಲು, ಕುಡಿಯುವ ನೀರು, ಒಣ ಚಾಪೆ, ಬೆಡ್‌ಶೀಟು. ಹಳೆ ಬಟ್ಟೆಯ ಮೂಟೆ ಬೇಡ. ಒದ್ದೆಯಾಗಿ ಮೂಲೆಯಲ್ಲಿ ಕೊಳೆಯುತ್ತದೆ, ವಿಂಗಡಿಸಲು ಹತ್ತು ಜನ ಬೇಕು. ಕೊಡುವುದಾದರೆ ಹೊಸ ಲುಂಗಿ, ನೈಟಿ, ಒಳಉಡುಪು, ಸ್ಯಾನಿಟರಿ ಪ್ಯಾಡ್ ಕೊಡಿ. ಹೊರಡುವ ಮುಂಚೆ ತಹಶೀಲ್ದಾರ್ ಕಚೇರಿಗೋ ಪಂಚಾಯ್ತಿಗೋ ಫೋನ್ ಮಾಡಿ ಏನು ಬೇಕು ಎಂದು ಕೇಳಿ.

ದುಡ್ಡು ಸೇರಿದ್ದರೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಕಳಿಸಬಹುದು, ಅಥವಾ ಸಂತ್ರಸ್ತ ಕುಟುಂಬದ ಖಾತೆಗೆ ನೇರ ಹಾಕಬಹುದು. ನನಗೆ ಎರಡನೆಯದು ಇಷ್ಟ, ಯಾಕೆಂದರೆ ಕಣ್ಣಿಗೆ ಕಾಣುತ್ತದೆ. ಆದರೆ ಐದು ಮನೆ ಬಿದ್ದಲ್ಲಿ ಒಂದೇ ಮನೆಗೆ ಕೊಟ್ಟು ಬಂದರೆ ಊರಿನಲ್ಲಿ ಮನಸ್ತಾಪ ಹುಟ್ಟುತ್ತದೆ. ಪಟ್ಟಿ ನೋಡಿಯೇ ಹಂಚಿ.

ನಮ್ಮ ರಸೀದಿಗೆ 80ಜಿ ರಿಯಾಯಿತಿ ಸಿಗುತ್ತದಾ?

80ಜಿ ಎಂದರೆ ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ. ಸಂಘ ನೋಂದಣಿ ಆಗಿದೆ ಎಂಬ ಮಾತ್ರಕ್ಕೆ ಸಿಗುವುದಿಲ್ಲ. ಆದಾಯ ತೆರಿಗೆ ಇಲಾಖೆಯಿಂದ ಬೇರೆ ಮಂಜೂರಾತಿ ಬೇಕು. ಅದಿಲ್ಲದೆ ರಸೀದಿಯ ಮೇಲೆ ‘80ಜಿ ಇದೆ’ ಎಂದು ಹಾಕಿದರೆ ಮೋಸ. ಮಂಜೂರಾತಿ ಇದ್ದರೂ 2,000 ರೂಪಾಯಿ ಮೀರಿ ನಗದು ಕೊಟ್ಟವರಿಗೆ, ಅಕ್ಕಿ ಬಟ್ಟೆಯಂಥ ವಸ್ತು ಕೊಟ್ಟವರಿಗೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ.

ದುಬೈಯಲ್ಲಿರುವ ಊರಿನವರು ಕಳಿಸಿದರೆ? ಗೋಕರ್ಣದ ವಿದೇಶಿಯರು ಕೊಟ್ಟರೆ?

ಎರಡೂ ಬೇರೆ ಬೇರೆ. ಭಟ್ಕಳದವರೋ ಹೊನ್ನಾವರದವರೋ ಗಲ್ಫ್‌ನಲ್ಲಿ ದುಡಿದು, ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದು, ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟಿನ ಪ್ರತಿ ತರಿಸಿಟ್ಟುಕೊಳ್ಳಿ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇರುವವರಾದರೂ ಸರಿ, ಕೊಟ್ಟರೆ ಅದು ವಿದೇಶಿ ದೇಣಿಗೆಯೇ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ಕೇಂದ್ರ ಗೃಹ ಇಲಾಖೆಯ ಅನುಮತಿ ಇಲ್ಲದೆ ತೆಗೆದುಕೊಳ್ಳುವಂತಿಲ್ಲ.

ಗೋಕರ್ಣದ ಕಡಲತೀರ ಸ್ವಚ್ಛ ಮಾಡುವಾಗ ಖುಷಿಯಿಂದ ಐನೂರರ ನೋಟು ಕೊಡುವ ವಿದೇಶಿ ಪ್ರವಾಸಿಯೂ ಇದೇ ಲೆಕ್ಕಕ್ಕೆ ಬರುತ್ತಾರೆ. ಕೊಟ್ಟದ್ದು ರೂಪಾಯಿಯಲ್ಲಿ ಎಂಬುದು ಮುಖ್ಯವಲ್ಲ, ಕೊಟ್ಟವರು ಯಾರು ಎಂಬುದು ಮುಖ್ಯ. ಅವರ ಕೈಗೆ ಒಂದು ಚೀಲ, ಒಂದು ಜೊತೆ ಗ್ಲೌಸು ಕೊಡಿ. ಖುಷಿಯಿಂದ ಬಂದು ಕಸ ಹೆಕ್ಕುತ್ತಾರೆ.

ಶಾಲೆಯ ಸ್ಕೌಟ್ಸ್-ಗೈಡ್ಸ್ ಮಕ್ಕಳು ದುಡ್ಡು ಸೇರಿಸಬಹುದಾ?

ಅವರದ್ದು ಬೇರೆ ಶಿಸ್ತು. ‘ಖರೀ ಕಮಾಯಿ’ ಎಂದರೆ ಮಕ್ಕಳು ಕೈಯಾರೆ ಕೆಲಸ ಮಾಡಿ ಗಳಿಸುವುದು: ಅಂಗಳ ಗುಡಿಸಿಯೋ, ತೋಟದ ಕಳೆ ಕಿತ್ತೋ, ಕಾಗದದ ಚೀಲ ಮಾಡಿಯೋ. ನವೆಂಬರ್ 7ರ ಧ್ವಜ ದಿನದ ಸ್ಟಿಕ್ಕರ್ ಸಂಸ್ಥೆಯ ಮೂಲಕವೇ ಬರುತ್ತದೆ. ಬೇರೆ ಸಂಘದ ಚಂದಾಕ್ಕೆ ಮಕ್ಕಳನ್ನು ಸಮವಸ್ತ್ರದಲ್ಲಿ ಕರೆದುಕೊಂಡು ಹೋಗುವುದು ಸರಿಯಲ್ಲ. ಸ್ಕಾರ್ಫ್ ನೋಡಿ ಜನ ಕೊಡುತ್ತಾರೆ, ಆದರೆ ದುಡ್ಡು ಸ್ಕೌಟ್ಸ್‌ಗೆ ಹೋಗುವುದಿಲ್ಲ. ಹಾಗೆ ಮಾಡಿದರೆ ಕೊಟ್ಟವರಿಗೆ ಸುಳ್ಳು ಹೇಳಿದ ಹಾಗೆ.

ಅನಾಥಾಶ್ರಮದಲ್ಲಿ ಊಟ ಹಾಕಿಸಿದ ಫೋಟೊ ಸ್ಟೇಟಸ್ ಹಾಕಬಹುದಾ?

ಊಟ ಹಾಕಿಸಿ, ಫೋಟೊ ಬೇಡ. ಪಾಲನೆ ರಕ್ಷಣೆ ಬೇಕಿರುವ ಮಕ್ಕಳ ಗುರುತು ಸಿಗುವ ಹಾಗೆ ಪ್ರಕಟಿಸುವುದು 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧ. 6 ತಿಂಗಳ ತನಕ ಜೈಲು, 2 ಲಕ್ಷದ ತನಕ ದಂಡ, ಅಥವಾ ಎರಡೂ. ನಿಮ್ಮ ಪಾತ್ರೆಗಳ ಫೋಟೊ ಹಾಕಿ, ಪಾಯಸದ್ದು ಹಾಕಿ.

ಚುನಾವಣೆ ಹೊತ್ತಿಗೆ ಅಭ್ಯರ್ಥಿಗಳು ತಾವಾಗಿಯೇ ದೇಣಿಗೆ ಕೊಡಲು ಬರುತ್ತಾರೆ. ತೆಗೆದುಕೊಳ್ಳಬಹುದಾ?

ನೀತಿ ಸಂಹಿತೆ ಜಾರಿಯಾದ ಮೇಲೆ ಬೇಡ. ಕ್ರಿಕೆಟ್ ಕಿಟ್ಟು, ಗಂಟೆ, ಚಂಡೆ ಎಲ್ಲ ಆಮಿಷದ ಲೆಕ್ಕಕ್ಕೆ ಸೇರುತ್ತವೆ. ಆಗ 50,000 ರೂಪಾಯಿಗಿಂತ ಹೆಚ್ಚು ನಗದು ದಾಖಲೆ ಇಲ್ಲದೆ ಒಯ್ದರೆ ಚೆಕ್‌ಪೋಸ್ಟ್‌ನಲ್ಲಿ ಹಿಡಿಯುತ್ತಾರೆ. ಸವಾಲಿನ ದುಡ್ಡು ಬ್ಯಾಂಕಿಗೆ ಕಟ್ಟಲು ಹೋಗುವವರು ರಸೀದಿ ಪುಸ್ತಕ, ಠರಾವು ಜೊತೆಗಿಟ್ಟುಕೊಳ್ಳಿ.

ಸಂಘ ನಿಂತು ಹೋಯಿತು. ಖಾತೆಯಲ್ಲಿ ದುಡ್ಡಿದೆ. ಹಂಚಿಕೊಳ್ಳಬಹುದಾ?

ಇಲ್ಲ. ನೋಂದಾಯಿತ ಸಂಘ ವಿಸರ್ಜನೆ ಆದರೆ ಸಾಲ ತೀರಿಸಿ ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಇಂಥದ್ದೇ ಉದ್ದೇಶದ ಬೇರೆ ಸಂಘಕ್ಕೆ ಕೊಡಬೇಕು. ಹುಡುಗರೆಲ್ಲ ಬೆಂಗಳೂರು ಸೇರಿ ಸಂಘದ ಬಾಗಿಲು ಹಾಕಿದ ಊರುಗಳು ಈಗ ಘಟ್ಟದ ಮೇಲೆ ಬಹಳ ಇವೆ. ಅಂಥ ಕಡೆ ಕುರ್ಚಿ, ಪಾತ್ರೆ, ಶಾಮಿಯಾನ ಪಕ್ಕದ ಊರಿನ ಯುವತಿ ಮಂಡಳಕ್ಕೆ ಕೊಟ್ಟರೆ ಬಳಕೆಗೆ ಬರುತ್ತದೆ. ಕೊಡುವಾಗ ಎಣಿಸಿ, ಪಟ್ಟಿ ಮಾಡಿ, ಎರಡೂ ಕಡೆಯವರು ಸಹಿ ಹಾಕಿ ಕೊಡಿ. ಕೊನೆಯ ನಡಾವಳಿ ಪುಸ್ತಕವನ್ನು ಮಾತ್ರ ಯಾರಾದರೂ ಹಿರಿಯರ ಮನೆಯ ಕಪಾಟಿನಲ್ಲಿ ಇಡಿಸಿ, ರದ್ದಿಗೆ ಹಾಕಬೇಡಿ.